ಟೆಂಪರೇಚರ್ ಇಟ್ಟರೂ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಬಿಸಿಯಾಗುತ್ತಿಲ್ಲ, ಯಾಕೆ?

ಟೈಮರ್ ಇನ್ನೂ ಸೊನ್ನೆಯಲ್ಲೇ ಇದೆಯಾ ನೋಡಿ. ಮೂರು ನಾಬ್ ಇರುವ ಸಾಮಾನ್ಯ ಓಟಿಜಿಯಲ್ಲಿ ನಿಜವಾದ ಸ್ವಿಚ್ ಅದೇ. ಅದನ್ನು ತಿರುಗಿಸುವವರೆಗೂ ಬಿಸಿ ಮಾಡುವ ರಾಡ್‌ಗೆ ಕರೆಂಟ್ ಹೋಗುವುದಿಲ್ಲ. 5 ನಿಮಿಷ ಸಾಕಿದ್ದರೂ ಮೊದಲು 10 ದಾಟಿಸಿ, ಆಮೇಲೆ ಹಿಂದಕ್ಕೆ ತನ್ನಿ. ಒಳಗಿರುವುದು ಸ್ಪ್ರಿಂಗ್ ಅಲ್ವಾ, ಸ್ವಲ್ಪ ಬಿಗಿಯಾಗಬೇಕು.

ಕೇಕಿಗಾದರೆ ಮೇಲಿನ, ಕೆಳಗಿನ ಎರಡೂ ರಾಡ್ ಆನ್ ಮಾಡಿ, 180 ಡಿಗ್ರಿ ಇಟ್ಟು, 10–15 ನಿಮಿಷ ಖಾಲಿ ಓವನ್ ಕಾಯಿಸಿ. ಟಿನ್ ಒಳಗಿಟ್ಟ ಮೇಲೆ ಟೈಮರ್ ಮತ್ತೆ ತಿರುಗಿಸಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು! ಮೇಲೆ ಬೇಗ ಕಂದಾದರೆ ಕೆಳಗಿನ ರಾಡ್ ಮಾತ್ರ ಸಾಕು. ಪನೀರ್ ಟಿಕ್ಕಾಗೆ ಮೇಲಿನದು.

ನಡುವೆ ರಾಡ್ ಕೆಂಪು ಹೋಗಿ ಕಪ್ಪಾದರೆ ಸುಮ್ನೆ ಗಾಬರಿಯಾಗಬೇಡಿ. ಬೇಕಾದಷ್ಟು ಬಿಸಿಯಾದಾಗ ಥರ್ಮೋಸ್ಟಾಟ್ ಕರೆಂಟ್ ತಡೆಯುತ್ತದೆ, ಬಿಸಿ ಇಳಿದರೆ ಮತ್ತೆ ಬಿಡುತ್ತದೆ.