ಕಾಲು ಗಂಟೆಯಲ್ಲಿ ಸರಿಹೋಯಿತು, ಆದರೂ ಆಸ್ಪತ್ರೆಗೆ ಹೋಗಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 61 ವರ್ಷ. ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ತಪ್ಪಿಸುವುದಿಲ್ಲ. ಮೊನ್ನೆ ಬೆಳಿಗ್ಗೆ ಅವರ ಬಲಗೈಯಲ್ಲಿದ್ದ ಲೋಟ ಜಾರಿ ಬಿತ್ತು. ಏನಾಯ್ತಮ್ಮ ಅಂತ ಕೇಳಿದರೆ ಮಾತು ತೊದಲಿತು, ಬಾಯಿಯ ಒಂದು ಬದಿ ಜೋತು ಬಿದ್ದ ಹಾಗೆ ಕಂಡಿತು. ಕಾಲು ಗಂಟೆಯೊಳಗೆ ಎಲ್ಲ ಮೊದಲಿನಂತಾಯಿತು. ‘ಸುಸ್ತಾಗಿತ್ತು ಅಷ್ಟೇ, ಸುಮ್ನೆ ಗಾಬರಿ ಆಗಬೇಡ’ ಎನ್ನುತ್ತಾರೆ. ಹೇಗೂ ಮುಂದಿನ ತಿಂಗಳು ಚೆಕಪ್ ಇದೆ. ಅಲ್ಲಿಯವರೆಗೆ ಕಾಯಬಹುದಾ?

ಉತ್ತರ: ಕಾಯಬೇಡಿ. ನಿಮ್ಮ ಪತ್ರ ಓದಿದ ತಕ್ಷಣ ಈ ಮಾತನ್ನು ಪತ್ರಿಕೆಯವರಿಂದ ಫೋನಿನಲ್ಲೇ ಹೇಳಿಸಿದ್ದೆ. ಇಂಥದ್ದೇ ಆಗಿ ಸುಮ್ಮನೆ ಕೂತಿರುವ ಬೇರೆ ಮನೆಗಳಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸುಸ್ತಾದರೆ ಮೈಯೆಲ್ಲ ಸೋಲುತ್ತದೆ. ಬಾಯಿಯ ಒಂದೇ ಬದಿ ಜೋತು ಬೀಳುವುದಿಲ್ಲ. ಅಮ್ಮನ ಮೆದುಳಿನ ರಕ್ತನಾಳದಲ್ಲಿ ಸಣ್ಣ ಹೆಪ್ಪೊಂದು ಸಿಕ್ಕಿಕೊಂಡು, ಸ್ವಲ್ಪ ಹೊತ್ತಿಗೆ ಕರಗಿರುವ ಸಾಧ್ಯತೆ ಜಾಸ್ತಿ. ಇದಕ್ಕೆ ಟಿಐಎ ಎನ್ನುತ್ತೇವೆ. ಹೆಪ್ಪು ಕರಗಿತು, ಕೈ ಮತ್ತು ಮಾತು ವಾಪಸ್ ಬಂದವು. ಆದರೆ ಹೆಪ್ಪು ಹುಟ್ಟಿದ ಕಾರಣ ಒಳಗೆ ಹಾಗೇ ಇದೆ ಅಲ್ವಾ? ದೊಡ್ಡ ಸ್ಟ್ರೋಕ್ ಆಗುವ ಅಪಾಯ ಮೊದಲ ಎರಡು ದಿನ ಎಲ್ಲಕ್ಕಿಂತ ಹೆಚ್ಚು. ಆಮೇಲಿನ ವಾರಗಳಲ್ಲೂ ಅದು ಪೂರ್ತಿ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಆ ಕಾರಣವನ್ನೇ ಹುಡುಕುತ್ತಾರೆ. ಮೆದುಳಿನ ಸ್ಕ್ಯಾನ್ ಮಾಡುತ್ತಾರೆ. ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆಯಾ, ಹೃದಯದ ಬಡಿತ ಲಯ ತಪ್ಪಿದೆಯಾ ಎಂದು ನೋಡುತ್ತಾರೆ. ಲಯ ತಪ್ಪಿದ ಹೃದಯದೊಳಗೂ ಹೆಪ್ಪು ಕಟ್ಟುತ್ತದೆ. ಕಾರಣ ಸಿಕ್ಕಿದರೆ ಅದಕ್ಕೆ ತಕ್ಕ ಮಾತ್ರೆ ಶುರುವಾಗುತ್ತದೆ. ಅಲ್ಲಿಯವರೆಗೆ ನೀವಾಗಿಯೇ ಆಸ್ಪಿರಿನ್ ಕೊಡಬೇಡಿ. ಕೆಲವರಲ್ಲಿ ಹೆಪ್ಪು ಇರುವುದಿಲ್ಲ, ರಕ್ತನಾಳ ಒಡೆದಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಸ್ಕ್ಯಾನ್ ಇಲ್ಲದೆ ನಮಗೂ ಗೊತ್ತಾಗುವುದಿಲ್ಲ.

ಮತ್ತೆ ಹೀಗಾದರೆ ಅಮ್ಮನಿಗೆ ನಗಲು ಹೇಳಿ, ಎರಡೂ ಕೈ ಎತ್ತಿ ಹಿಡಿಯಲು ಹೇಳಿ, ಒಂದು ವಾಕ್ಯ ಹೇಳಿಸಿ. ಒಂದರಲ್ಲಿ ವ್ಯತ್ಯಾಸ ಕಂಡರೂ ಸಾಕು, ಆಂಬುಲೆನ್ಸ್ ಕರೆಯಿರಿ. ಅದು ಬರುವುದರೊಳಗೆ ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ. ಶುಗರ್ ತೀರಾ ಇಳಿದಾಗಲೂ ಮಾತು ತೊದಲುತ್ತದೆ, ಕೈ ಸೋಲುತ್ತದೆ. ಬಂದವರಿಗೆ ಆ ಅಂಕಿ ಹೇಳಿ. ನುಂಗಲು ಕಷ್ಟಪಡುತ್ತಿದ್ದರೆ ಬಾಯಿಗೆ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ತುರ್ತು ವಿಭಾಗದಲ್ಲಿ ನಾನು ಮನೆಯವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇವರು ಪೂರ್ತಿ ಚೆನ್ನಾಗಿದ್ದದ್ದನ್ನು ನೀವು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ? ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ರಾತ್ರಿ 10ಕ್ಕೆ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ 6ಕ್ಕೆ ಎದ್ದಾಗ ಕೈ ಬಿದ್ದಿದ್ದರೆ, ನಮ್ಮ ಲೆಕ್ಕ 10ರಿಂದಲೇ ಶುರು. ಹಾಗಂತ ಹೊತ್ತು ಮೀರಿತೆಂದು ಮನೆಯಲ್ಲೇ ಉಳಿಯಬೇಡಿ. ಸ್ಕ್ಯಾನ್ ನೋಡಿ ಕೆಲವರಿಗೆ ಆಮೇಲೂ ಚಿಕಿತ್ಸೆ ಕೊಡಲು ಆಗುತ್ತದೆ. ದಯವಿಟ್ಟು ಸಮಯವನ್ನು ಬರೆದಿಟ್ಟುಕೊಳ್ಳಿ, ಗಾಬರಿಯಲ್ಲಿ ಅದೇ ಮರೆತುಹೋಗುತ್ತದೆ.

ಅಮ್ಮ ಒಪ್ಪದಿದ್ದರೆ ಜಗಳ ಆಡಬೇಡಿ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಬಹಳ ಜನರಿಗೆ ಒಂದೇ ಭಯ, ಹಾಸಿಗೆ ಹಿಡಿದು ಮಕ್ಕಳಿಗೆ ಭಾರವಾಗುತ್ತೇನೇನೋ ಎಂದು. ಅದನ್ನು ತಪ್ಪಿಸಲಿಕ್ಕೇ ಹೋಗುತ್ತಿದ್ದೇವೆ ಎಂದು ಪಕ್ಕದಲ್ಲಿ ಕೂತು ಹೇಳಿ.

ಪ್ರಶ್ನೆ: ನನಗೆ 29. ಇಡೀ ದಿನ ಕಂಪ್ಯೂಟರ್ ಕೆಲಸ. ಎರಡು ವರ್ಷದಿಂದ ಸಂಜೆಯಾದರೆ ಹಣೆಗೆ ಪಟ್ಟಿ ಬಿಗಿದ ಹಾಗೆ ತಲೆನೋವು. ವಾರಕ್ಕೆ ನಾಲ್ಕು ದಿನವಾದರೂ ನೋವಿನ ಮಾತ್ರೆ ತಗೊಳ್ಳುತ್ತೇನೆ. ಗಡ್ಡೆ ಇರಬಹುದೇನೋ ಎಂದು ನಿದ್ದೆ ಬರುತ್ತಿಲ್ಲ. ಎಂಆರ್‌ಐ ಮಾಡಿಸಲಾ?

ಉತ್ತರ: ಎರಡು ವರ್ಷದಿಂದ ಒಂದೇ ಥರ ಇರುವ, ಬೇರೆ ತೊಂದರೆ ಇಲ್ಲದ ತಲೆನೋವಿಗೆ ಸ್ಕ್ಯಾನ್ ಬೇಕಾಗುವುದು ಅಪರೂಪ. ನನಗೆ ಯೋಚನೆ ಇರುವುದು ನಿಮ್ಮ ಮಾತ್ರೆಯ ಬಗ್ಗೆ. ವಾರಕ್ಕೆ ನಾಲ್ಕು ಅಂದರೆ ತಿಂಗಳಿಗೆ 15 ದಿನ ದಾಟಿತು. ಅಷ್ಟಾದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಬಿಟ್ಟಾಗ ಮೊದಲ ಕೆಲವು ದಿನ ನೋವು ಹೆಚ್ಚಾಗುತ್ತದೆ, ಅದಕ್ಕೇ ಜನ ಮತ್ತೆ ಮಾತ್ರೆ ಹಿಡಿಯುತ್ತಾರೆ. ಹತ್ತಿರದ ಡಾಕ್ಟರಿಗೆ ಮಾತ್ರೆಯ ಹೆಸರು ತೋರಿಸಿ, ಅವರು ಹೇಳಿದ ಹಾಗೆ ನಿಲ್ಲಿಸಿ. ಕಣ್ಣು, ಬಿಪಿ ಕೂಡ ತೋರಿಸಿಕೊಳ್ಳಿ.

ನೋವಿನ ರೀತಿ ಬದಲಾದರೆ ಮಾತ್ರ ನನ್ನ ಮಾತೂ ಬದಲಾಗುತ್ತದೆ. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ದಿನದಿನಕ್ಕೆ ಏರುವ ನೋವು ಇದ್ದರೆ ಬೇಗ ತೋರಿಸಿ. ಒಂದು ನಿಮಿಷದೊಳಗೆ ಸಿಡಿಲು ಹೊಡೆದಂತೆ ತಾರಕಕ್ಕೇರಿದರೆ, ಜ್ವರದ ಜೊತೆ ಕತ್ತು ಬಗ್ಗದಿದ್ದರೆ, ದೃಷ್ಟಿ ಅಥವಾ ಕೈಕಾಲಿನ ಶಕ್ತಿ ಕುಂದಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಬನ್ನಿ, ಮಧ್ಯರಾತ್ರಿಯಾದರೂ ಸರಿ.