ನೆರೆ ಬಂದಾಗ ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರದಲ್ಲಿ ರೋಗ ಹರಡದಂತೆ ಏನೇನು ಮಾಡಬೇಕು?

ಮೊದಲು ನೀರು, ಆಮೇಲೆ ಶೌಚಾಲಯ. ಫಾಗಿಂಗ್ (ಸೊಳ್ಳೆಗೆ ಹೊಗೆ ಬಿಡುವುದು) ಕಣ್ಣಿಗೆ ಕಾಣುವ ಕೆಲಸವಾದ್ದರಿಂದ ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ವಾಂತಿಭೇದಿ ಶುರುವಾಗುವುದು ಟ್ಯಾಂಕಿನಿಂದ.

1000 ಲೀಟರ್ ತಿಳಿ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಿ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ನಲ್ಲಿಯ ಕೊನೆಯಲ್ಲಿ ಪರೀಕ್ಷಿಸಿ, ಟ್ಯಾಂಕಿನ ಬಾಯಲ್ಲಲ್ಲ. ಕ್ಲೋರಿನ್ ಸಿಗದಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ತೇವ ತಾಗಿ ಸತ್ವ ಕಳೆದ ಹಳೆಯ ಪುಡಿ, ಇಲ್ಲವೇ ಕ್ಲೋರಿನ್ನನ್ನೆಲ್ಲ ನುಂಗುವ ಕೆಸರು ನೀರು. ಕೆಸರಿದ್ದರೆ ಮೊದಲು ಪಟಿಕದಿಂದ ತಿಳಿಯಾಗಿಸಿ. ಡ್ರಮ್ಮಿಗೆ ನಲ್ಲಿ ಇರಲಿ. ಲೋಟ ಅದ್ದಿದರೆ ಅಷ್ಟೂ ಶ್ರಮ ವ್ಯರ್ಥ.

ಶೌಚಾಲಯ 20 ಜನಕ್ಕೊಂದು ಬೇಕು. ಮೊದಲ ದಿನಗಳಲ್ಲಿ 50ಕ್ಕೊಂದಾದರೂ ಇರಲಿ. ಪಕ್ಕದಲ್ಲೇ ಸೋಪು, ನೀರು. ರಾತ್ರಿ ದೀಪವಿಲ್ಲದಿದ್ದರೆ ಹೆಂಗಸರು, ಮಕ್ಕಳು ಅತ್ತ ಸುಳಿಯುವುದಿಲ್ಲ.

ಮಲಗಲು ತಲೆಗೆ 3.5 ಚದರ ಮೀಟರ್ ಜಾಗ, ಕಿಟಕಿ ತೆರೆದಿರಲಿ. ಕೆಮ್ಮು, ಜ್ವರ, ಮೈಮೇಲೆ ಗಂದೆ ಇದ್ದವರಿಗೆ ಬೇರೆ ತರಗತಿ ಕೋಣೆ. ದಡಾರ ಲಸಿಕೆ ತಪ್ಪಿದ ಮಕ್ಕಳ ಪಟ್ಟಿಯನ್ನು ದಾಖಲಾತಿಯ ದಿನವೇ ಆಶಾ ಕಾರ್ಯಕರ್ತೆಯಿಂದ ಮಾಡಿಸಿ.

ಕೆಸರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯವಿದೆ. ವಾರಕ್ಕೊಮ್ಮೆ ಅದನ್ನು ತಡೆಯಲು 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವ ರೂಢಿಯಿದೆ, ಆದರೆ ವೈದ್ಯರು ಹೇಳಿದರೆ ಮಾತ್ರ. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಇದು ಬೇಡ.

ಭೇದಿ, ಜ್ವರದ ಲೆಕ್ಕವನ್ನು ದಿನವೂ ಬರೆದಿಡಿ. ಒಂದೇ ದಿನ ಹಲವರಿಗೆ ನೀರುಭೇದಿಯಾದರೆ ಓಆರ್‌ಎಸ್ ಶುರುಮಾಡಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.