ಚಾಟ್ನಿ ರಟ್ಟಿ, ಅವ್ವನ ಮಣಕಾಲು: ಲೇಸರ್ ಹಾಕಿಸಬೇಕೋ ಬ್ಯಾಡೋ?

ತಿಕೋಟಾದ ಅಣ್ಣಾರ, ಗುಂಪಿನಾಗ ನಿಮ್ಮ ಮೆಸೇಜ್ ಓದಿದ್ನಿರಿ. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸೋದು) ಆದಾಗಿಂದ ಬಲರಟ್ಟಿ ಮ್ಯಾಲ ಎತ್ತಾಕ ಬರವಲ್ದು, ಅವ್ವಾರಿಗೆ ಎರಡೂ ಮಣಕಾಲು ಬ್ಯಾನಿ. ವಿಜಯಪುರದ ಒಂದು ಕ್ಲಿನಿಕ್‌ನವ್ರು ಇಬ್ಬರಿಗೂ ಹತ್ತು ಸಲ ಲೇಸರ್ ಹಾಕ್ತೀವಿ, ರೊಕ್ಕ ಮದಲ ಕಟ್ಟ್ರಿ ಅಂದಾರ. ಅದರ ಬದಲಿ ಆನ್‌ಲೈನ್‌ದಾಗ ಬರೋ ಕೈ ಮಷೀನ್ ತಗೊಂಡ್ರ ಹೆಂಗ ಅಂತನೂ ಕೇಳೀರಿ. ಕೆಳಗ ಒಬ್ಬರು "ಎಲ್ಲಾ ಮೋಸ" ಅಂದಾರ, ಇನ್ನೊಬ್ಬರು "ನಮ್ಮ ಮಾವಗ ಒಂದ ಸಲಕ್ಕ ಆರಾಮ ಆತು" ಅಂದಾರ. ಎರಡೂ ಪೂರ್ತಿ ಖರೆ ಅಲ್ರಿ. ನಾ ಫಿಜಿಯೋಥೆರಪಿ ಮಾಡಾಂವ, ಮನಿ ಕಡೆ ದ್ರಾಕ್ಷಿ ಪಡ ಐತಿ. ಸ್ವಲ್ಪ ಉದ್ದ ಆಗತೈತಿ, ಓದ್ರಿ.

ನನ್ನ ಅಭಿಪ್ರಾಯ ಮದಲ ಹೇಳಿಬಿಡ್ತೀನಿ. ಅವ್ವಾರ ಮಣಕಾಲಿಗೆ ಲೇಸರ್ ಹಾಕಿಸಿ ನೋಡಬಹುದು, ಆದ್ರ ಡೋಸ್ (ಎಷ್ಟು ಬೆಳಕು ಬಿಡೋದು) ಎಷ್ಟು ಅಂತ ಬಾಯಿಬಿಟ್ಟು ಹೇಳೋ ಕಡೆ, ಜತೀಗೆ ವ್ಯಾಯಾಮ ಕಲಿಸೋ ಕಡೆ ಅಷ್ಟ. ನಿಮ್ಮ ರಟ್ಟಿಗೆ ಏನಾಗೈತಿ ಅಂತ ಗೊತ್ತಾಗೋ ತನಕ ಏನೂ ಹಾಕಿಸಬ್ಯಾಡ್ರಿ. ಆನ್‌ಲೈನ್ ಮಷೀನ್ ಬ್ಯಾಡ.

ಹೆಸರು ಕೇಳಿ ಅವ್ವಾರು ಹೆದರಿದ್ರ ಹೇಳ್ರಿ, ಇದು ಕೊಯ್ಯೋ ಲೇಸರ್ ಅಲ್ಲ. ಕೆಂಪು ಬೆಳಕು, ಇಲ್ಲಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ತರಂಗಾಂತರ (ಬೆಳಕಿನ ಅಲೆಯ ಉದ್ದ) ಸುಮಾರು 600ರಿಂದ 1000 ನ್ಯಾನೋಮೀಟರ್ ಒಳಗಿಂದು. ನಮ್ಮ ಜೀವಕೋಶದಾಗ ಶಕ್ತಿ ತಯಾರ್ ಮಾಡೋ ಮೈಟೋಕಾಂಡ್ರಿಯಾ ಇರತಾವಲ್ಲ, ಅದರಾಗಿನ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನೋ ಕಿಣ್ವ ಈ ಬೆಳಕು ಹೀರತೈತಿ ಅನ್ನೋದು ಹೆಚ್ಚು ಮಂದಿ ಒಪ್ಪಿದ ವಿವರಣೆ. ಅದರಿಂದ ಉರಿಯೂತ ಸ್ವಲ್ಪ ಇಳಿತೈತಿ, ನೋವು ಒಯ್ಯೋ ನರದ ಜೋರು ಸ್ವಲ್ಪ ದಿನ ಕಡಿಮಿ ಆಗತೈತಿ. ಸವದ ಹೋದ ಕಾರ್ಟಿಲೇಜ್ (ಸಂಧ್ಯಾಗ ಎಲುಬಿನ ತುದಿಗೆ ಇರೋ ಮೆತ್ತನ ಪದರ) ತಿರುಗಿ ಬೆಳೆಯೂದಿಲ್ಲ. ಬೆಳಿತೈತಿ ಅಂತ ಯಾರರ ಹೇಳಿದ್ರ ಅಲ್ಲಿಂದ ಎದ್ದು ಬರ್ರಿ. ಇದು ಶುರು ಆಗಿದ್ದೂ ಒಂದು ಮಜಾನ. 1960ರಾಗ ಮದಲನೇ ಲೇಸರ್ ಬಂತು. 1967ರ ಸುಮಾರಿಗೆ ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರ್, ಲೇಸರ್‌ದಿಂದ ಕ್ಯಾನ್ಸರ್ ಬರತೈತೇನು ನೋಡೂಣು ಅಂತ ಇಲಿಗಳ ಬೆನ್ನು ಬೋಳಿಸಿ ಬೆಳಕು ಬಿಟ್ರು. ಕ್ಯಾನ್ಸರ್ ಬರಲಿಲ್ಲ, ಬೋಳಿಸಿದ ಜಾಗದಾಗ ಕೂದಲಾ ಲಗೂ ಬೆಳದ್ವು.

ಈಗ ಕೆಲಸ ಮಾಡತೈತೋ ಇಲ್ಲೋ ಅನ್ನೋ ಮಾತು. 2009ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಕುತ್ತಿಗಿ ನೋವಿನ ಮ್ಯಾಲ 16 ಪ್ರಯೋಗ ಕೂಡಿಸಿ ನೋಡಿದ್ರು, ಹಳೇ ಕುತ್ತಿಗಿ ನೋವಿನವ್ರಿಗೆ ಚಿಕಿತ್ಸೆ ಮುಗದ ಮ್ಯಾಲೂ ಕೆಲವು ತಿಂಗಳು ಆರಾಮ ಉಳೀತು. 2019ರಾಗ ಬಿಎಂಜೆ ಓಪನ್ ಅನ್ನೋ ಅಂಥದ ಪತ್ರಿಕೆಯಾಗ ಮಣಕಾಲಿನ ಸವೆತದ ಮ್ಯಾಲ 22 ಪ್ರಯೋಗ, 1063 ಮಂದಿ. ಅಲ್ಲಿ ಸುಳ್ಳು ಲೇಸರ್ ಹಾಕಿದವ್ರಿಗಿಂತ ಖರೆ ಲೇಸರ್ ಹಾಕಿದವ್ರಿಗೆ ನೋವು ಕಡಿಮಿ ಆತು, 12 ವಾರದ ತನಕ ಫರಕ ಕಂಡಿತು. ಆದ್ರ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಾಗ, ಸಂಧಿ ಸವೆತಕ್ಕ ಲೇಸರ್ ಕೊಡಬ್ಯಾಡ್ರಿ, ಪುರಾವೆ ಸಾಲದು ಅಂತ ಬರದೈತಿ. ಅಮೆರಿಕದ ಡಾಕ್ಟರ್ ಸಂಘ 2017ರಾಗ ಹಳೇ ಟೊಂಕ ನೋವಿಗೆ ಮಾಡಿ ನೋಡಬಹುದಾದ ಚಿಕಿತ್ಸೆ ಪೈಕಿ ಇದನ್ನೂ ಸೇರಿಸೈತಿ, ಪುರಾವೆ ಬಲ ಕಡಿಮಿ ಅಂತ ಹೇಳೇ ಸೇರಿಸೈತಿ. ಇಷ್ಟು ದೊಡ್ಡವ್ರು ಒಂದೊಂದು ನಮೂನಿ ಹೇಳಾಕ ಒಂದು ಕಾರಣ ಡೋಸ್. ಒಂದು ಪ್ರಯೋಗದಾಗ ಸಾಕಷ್ಟು ಬೆಳಕು, ಇನ್ನೊಂದರಾಗ ಹೆಸರಿಗಷ್ಟ ಬೆಳಕು, ಎರಡನ್ನೂ ಒಂದ ಗಂಟಿಗೆ ಕಟ್ಟಿದ್ರ ಉತ್ತರ ಹೆಂಗ ಬಂದೀತು? ಆ 2019ರ ಲೆಕ್ಕದಾಗೂ ಡೋಸ್ ಸರಿ ಇದ್ದ ಪ್ರಯೋಗದಾಗ ಫಾಯ್ದೆ ಜಾಸ್ತಿ ಇತ್ತು.

ದ್ರಾಕ್ಷಿ ಮಾಡೋವ್ರಿಗೆ ಇದು ಹೇಳಿಕೊಡೋದು ಬ್ಯಾಡ. ಗೊನಿಗೆ ಹೊಡಿಯೋ ಜಿಎ (ಜಿಬ್ಬರೆಲಿಕ್ ಆಸಿಡ್) ಔಷಧದ ಪಿಪಿಎಂ, ಅಂದ್ರ ನೀರಿನಾಗಿನ ಪ್ರಮಾಣ, ಕಡಿಮಿ ಆದ್ರ ಗೊನಿ ಉದ್ದ ಬರೂದಿಲ್ಲ, ಜಾಸ್ತಿ ಆದ್ರ ಗೊನಿನ ಕೆಡತೈತಿ. ಲೇಸರ್‌ದೂ ಹಂಗ, ಹೆಚ್ಚು ಹಾಕಿದಷ್ಟು ಹೆಚ್ಚು ಗುಣ ಅಂತಿಲ್ಲ. ಮಣಕಾಲಿಗೆ 785ರಿಂದ 860 ನ್ಯಾನೋಮೀಟರ್ ಮಷೀನ್ ಇದ್ರ ಒಂದೊಂದು ಜಾಗಕ್ಕ 4ರಿಂದ 8 ಜೂಲ್ (ಬೆಳಕಿನ ಶಕ್ತಿಯ ಅಳತೆ), 904ರ ಮಷೀನ್ ಇದ್ರ 1ರಿಂದ 3 ಜೂಲ್ ಅಂತ ಶಿಫಾರಸು ಐತಿ. ದಿನಾ ಹಾಕಿದ್ರ ಎರಡು ವಾರ, ದಿನಾ ಬಿಟ್ಟು ದಿನಾ ಹಾಕಿದ್ರ ಮೂರು ನಾಕು ವಾರ. ಜೂಲ್ ಲೆಕ್ಕ ಸರಳ, ವ್ಯಾಟ್ ಗುಣಿಲೆ ಸೆಕೆಂಡ್. 100 ಮಿಲಿವ್ಯಾಟ್ ಮಷೀನ್ ಒಂದು ಜಾಗದಾಗ 40 ಸೆಕೆಂಡ್ ಹಿಡದ್ರ 4 ಜೂಲ್. ಈಗ ನೀವು ಕಳಿಸಿದ ಆನ್‌ಲೈನ್ ಮಷೀನ್ ನೋಡ್ರಿ. ಅದರ ಮ್ಯಾಲ 5 ಮಿಲಿವ್ಯಾಟ್ ಅಂತ ಬರದೈತಿ. ಅದ 4 ಜೂಲ್‌ಗೆ 800 ಸೆಕೆಂಡ್ ಬೇಕು, ಅಂದ್ರ ಒಂದ ಜಾಗಕ್ಕ 13 ನಿಮಿಷದ ಮ್ಯಾಲ. ಮಣಕಾಲ ಸುತ್ತ ನಾಕೈದು ಜಾಗ, ಎರಡು ಕಾಲು. ಯಾರು ಹಿಡಕೊಂಡ ಕೂಡವ್ರು? ಇನ್ನ ಕೆಲವು ಮಷೀನ್ ಲೇಸರ್ ಅಲ್ಲೇ ಅಲ್ಲ, ಕೆಂಪು ಎಲ್‌ಇಡಿ ಬ್ಯಾಟರಿ. ತರಂಗಾಂತರ, ಪವರ್, ಕ್ಲಾಸ್ (ಲೇಸರ್ ಎಷ್ಟು ಅಪಾಯದ್ದು ಅನ್ನೋ ದರ್ಜೆ) ಮೂರೂ ಬರೀದ ಮಾಲು ಮನಿಗೆ ತರಬ್ಯಾಡ್ರಿ. ದವಾಖಾನ್ಯಾಗ ಕಾಸೋ ಕೆಂಪು ಬಲ್ಬಿನ ದೀಪನೂ ಲೇಸರ್ ಅಲ್ಲ, ಅದು ಬರೇ ಕಾವು.

ಕ್ಲಿನಿಕ್‌ದಾಗ ಎರಡು ನಮೂನಿ ಸಿಗತಾವು. 500 ಮಿಲಿವ್ಯಾಟ್ ತನಕದ್ದು ಕ್ಲಾಸ್ 3ಬಿ. ಇದು ಹಾಕುವಾಗ ಏನೂ ಅನಿಸೂದಿಲ್ಲ, ಬಿಸಿ ಇಲ್ಲ, ಚುಚ್ಚೂದಿಲ್ಲ. ಹಂಗಂತ ಮಷೀನ್ ಕೆಟ್ಟೈತಿ ಅನ್ಕೋಬ್ಯಾಡ್ರಿ. ಅದಕ್ಕೂ ಹೆಚ್ಚಿನ ಪವರ್‌ದು ಕ್ಲಾಸ್ 4. ಅದು ಬೆಚ್ಚಗ ಹಿತ ಅನಿಸತೈತಿ, ಅದಕ್ಕ ಮಂದಿ ಅದನ್ನ ಮೆಚ್ಚತಾರ. ಆದ್ರ ಒಂದ ಜಾಗದಾಗ ನಿಲ್ಲಿಸಿದ್ರ ಚರ್ಮ ಸುಡತೈತಿ, ಕೈ ಆಡಿಸ್ತ ಇರಬೇಕು. ಕಪ್ಪು ಚರ್ಮ ಬೆಳಕು ಜಾಸ್ತಿ ಹೀರತೈತಿ, ಬಿಸಿನೂ ಜಾಸ್ತಿ. ನಮ್ಮ ಕಡೆ ಹಿರೇ ಹೆಣಮಕ್ಕಳ ಕೈಕಾಲ ಮ್ಯಾಲ ಹಚ್ಚಿ ಇರತೈತಿ ನೋಡ್ರಿ, ಆ ಹಚ್ಚಿ ಮ್ಯಾಲ ಲೇಸರ್ ಹಿಡೀಬಾರದು, ಮಸಿ ಕಾದು ಬೊಬ್ಬಿ ಬರತೈತಿ. ಅವ್ವಾರಿಗೆ ಇದ್ರ ಮದಲ ಹೇಳ್ರಿ. ಸಕ್ಕರಿ ರೋಗದಿಂದ ಕಾಲು ಜೋಮು ಹಿಡದವ್ರಿಗೆ ಸುಟ್ಟದ್ದು ಗೊತ್ತಾಗೂದಿಲ್ಲ, ಅಂಥವ್ರಿಗೆ ಕ್ಲಾಸ್ 4 ನಾ ಹಾಕಿಸೂದಿಲ್ಲ. ಬಾಮು, ಎಣ್ಣಿ ಹಚ್ಚಿದ್ರ ಒರಿಸಿಕೊಂಡು ಹೋಗ್ರಿ.

ಕಣ್ಣಿನ ಮಾತು ಇದಕ್ಕಿಂತ ದೊಡ್ಡದು. ಇನ್‌ಫ್ರಾರೆಡ್ ಬೆಳಕು ಕಾಣೂದಿಲ್ಲ, ಕಾಣದ್ದಕ್ಕ ರೆಪ್ಪಿ ತಾನಾಗಿ ಮುಚ್ಚೂದಿಲ್ಲ, ಅಷ್ಟರಾಗ ಕಣ್ಣಿನ ಪರದೆ ಸುಟ್ಟಿರತೈತಿ. ಹಾಕಾವ್ರಿಗೂ ಹಾಕಿಸ್ಕೊಳ್ಳಾವ್ರಿಗೂ ಆ ಲೇಸರ್‌ಗೇ ಮಾಡಿದ ಚಸ್ಮಾ ಬೇಕು. ಬಿಸಲಿನ ಚಸ್ಮಾ ನಡಿಯೂದಿಲ್ಲ. ಚಸ್ಮಾ ಕೊಡದ ಕಡೆ ಕುರ್ಚಿ ಮ್ಯಾಲ ಕೂಡಬ್ಯಾಡ್ರಿ, ಜೋಡಿ ಮೊಮ್ಮಕ್ಕಳನ್ನ ಒಳಗ ಕರಕೊಂಡು ಹೋಗಬ್ಯಾಡ್ರಿ. ಕ್ಯಾನ್ಸರ್ ಗಡ್ಡಿ ಇದ್ದ ಜಾಗದ ಮ್ಯಾಲ, ಬಸುರಿ ಹೆಣಮಕ್ಕಳ ಹೊಟ್ಟಿ ಟೊಂಕದ ಮ್ಯಾಲ, ಕುತ್ತಿಗಿ ಮುಂದಿನ ಥೈರಾಯ್ಡ್ ಮ್ಯಾಲ ಹಾಕಿಸಬಾರದು. ಬಿಸಲಿಗೆ ಹೋದ್ರ ಮೈ ಉರಿಯೋ ಗುಳಗಿ ತಗೋತಿದ್ರ ಡಾಕ್ಟರ್‌ಗೆ ತೋರಿಸಿ ಕೇಳ್ರಿ.

ಇನ್ನ ನಿಮ್ಮ ರಟ್ಟಿ. ಚಾಟ್ನಿ ಅಂದ್ರ ದಿನವಿಡೀ ಕೈ ತಲಿ ಮ್ಯಾಲ, ಕತ್ತರಿ ಒತ್ತೋದು, ಅದರ ಹಿಂದ ಕತ್ತರಿಸಿದ ಕಡ್ಡಿಗೆ ಔಷಧ ಹಚ್ಚೋ ಪೇಸ್ಟಿಂಗ್. ಭುಜದ ಎಲುಬಿನ ಕೆಳಗ ಹಾಯೋ ಸ್ನಾಯುರಜ್ಜು (ಸ್ನಾಯುನ ಎಲುಬಿಗೆ ಕಟ್ಟೋ ಹಗ್ಗ) ತಿಕ್ಕಿ ಬಾವು ಬಂದಿರಬಹುದು, ಹರದೂ ಇರಬಹುದು. ಸಕ್ಕರಿ ಇದ್ರ ಭುಜ ಬಿಗಿಯೋ ಫ್ರೋಜನ್ ಶೋಲ್ಡರ್ ಆಗೋದು ಹೆಚ್ಚು. ಮೂರಕ್ಕೂ ದಾರಿ ಬ್ಯಾರೆ. ಒಂದು ಪರೀಕ್ಷೆ ನೀವ ಮಾಡ್ರಿ: ಇನ್ನೊಬ್ಬರು ನಿಮ್ಮ ಕೈ ಹಿಡದು ಮ್ಯಾಲ ಎತ್ತಿದ್ರ ಹೋಗತೈತಿ, ನೀವ ಎತ್ತಿದ್ರ ಹೋಗವಲ್ದು ಅಂದ್ರ ರಜ್ಜು ಹರದಿರೋ ಸಂಶಯ. ಇನ್ನೊಬ್ಬರು ಎತ್ತಿದ್ರೂ ಗಚ್ಚ ನಿಂತ್ರ ಬಿಗಿತ. ಎರಡರಾಗ ಯಾವುದಾದ್ರೂ ಎಲುಬಿನ ಡಾಕ್ಟರ್‌ಗೆ ತೋರಿಸ್ರಿ. ನಿಮಗ ಬಲರಟ್ಟಿ, ಆದ್ರ ಗುಂಪಿನಾಗ ಬಾಕಿದವ್ರಿಗೆ ಹೇಳ್ತೀನಿ, ನಡದಾಗ ದುಡದಾಗ ಎಡರಟ್ಟಿ, ಎದಿ, ದವಡಿ ಹಿಡಕೊಂಡು ಬೆವರು ಬಂದ್ರ ಅದು ಸ್ನಾಯು ನೋವು ಅಂತ ಕೂಡಬ್ಯಾಡ್ರಿ, ಹೃದಯ ತೋರಿಸ್ರಿ.

ಇನ್ನೊಂದು ನಮ್ಮ ಕಡೀದ ಮಾತು, ದನಾ ಕಟ್ಟಿದವ್ರು ಲಕ್ಷ್ಯ ಕೊಡ್ರಿ. ಸಂಜಿಕೆ ಜ್ವರ, ರಾತ್ರಿ ಬೆವರು, ಟೊಂಕ ಇಲ್ಲಾ ಸಂಧಿ ನೋವು ವಾರಗಟ್ಟಲೆ ಇದ್ರ ಬ್ರೂಸೆಲ್ಲಾ (ದನಾ ಆಡಿನಿಂದ ಮಂದಿಗೆ ಬರೋ ಸೋಂಕು) ಇರಬಹುದು. ಕಂದು ಹಾಕಿದ (ಗರ್ಭ ಕಳಕೊಂಡ) ಎಮ್ಮಿ, ಆಡು ಬರಿಗೈಲೆ ಹಿಡದವ್ರಿಗೆ, ಹಸಿ ಹಾಲು ಕುಡಿಯೋವ್ರಿಗೆ ಬರತೈತಿ. ರಕ್ತ ಪರೀಕ್ಷೆ ಮಾಡಿಸಿ ವಾರಗಟ್ಟಲೆ ಗುಳಗಿ ತಗೋಬೇಕು. ಇದಕ್ಕ ಲೇಸರ್ ಹಾಕಿ ಕುಂತ್ರ ರೋಗ ಒಳಗ ಬೆಳಿತೈತಿ. ಸಂಧಿ ಕೆಂಪಗಾಗಿ ಕಾದು ಜ್ವರ ಬಂದ್ರ, ಕಾಲಾಗಿನ ಶಕ್ತಿ ಹೋದ್ರ, ಉಚ್ಚಿ ಕಟ್ಟಿದ್ರ ಅವತ್ತ ದವಾಖಾನಿಗೆ ಹೋಗ್ರಿ.

ಅವ್ವಾರ ಮಣಕಾಲಿಗೆ ಮುಖ್ಯ ಔಷಧ ವ್ಯಾಯಾಮ. ಲೇಸರ್ ಬೇಡ ಅಂದ ನೈಸ್ ಸಂಸ್ಥೆನೂ ವ್ಯಾಯಾಮ ಮಾಡ್ರಿ, ತೂಕ ಇಳಿಸ್ರಿ ಅಂತ ಖಡಕ್ ಹೇಳೈತಿ. ನಾ ಲೇಸರ್ ಯಾಕ ಹಾಕ್ತೀನಿ ಅಂದ್ರ, ನೋವು ನಾಕು ದಿನ ತಗ್ಗಿದಾಗ ಕಾಲು ಮಡಚಿ ಚಾಚಿ ಬಲ ತುಂಬಿಸಾಕ ಜಾಗ ಸಿಗತೈತಿ. ಆ ದಿನಾ ಸುಮ್ನ ಕುಂತು ಕಳದ್ರ ರೊಕ್ಕ ನೀರಾಗ ಹೋದಂಗ. ಗಾದಿ ಮ್ಯಾಲ ಕಾಲು ಚಾಚಿ, ಮಣಕಾಲ ಕೆಳಗ ಟವೆಲ್ ಸುರುಳಿ ಇಟ್ಟು, ಅದನ್ನ ಕೆಳಗ ಒತ್ತಿ ಐದು ಎಣಿಸಿ ಬಿಡೋದು. ಕಾಲು ನೆಟ್ಟಗ ಇಟ್ಟು ಒಂದು ಗೇಣು ಎತ್ತೋದು. ಕುರ್ಚಿಯಿಂದ ಕೈ ಹಿಡೀದ ಎದ್ದು ಕೂಡೋದು. ಹತ್ತತ್ತು ಸಲ, ಮುಂಜಾನಿ ಸಂಜಿ. ಸ್ವಲ್ಪ ನೋವು ಬಂದ್ರ ನಡಿತೈತಿ, ಮರದಿನಾ ಬಾವು ಬಂದ್ರ ಕಡಿಮಿ ಮಾಡ್ರಿ. ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯೋದು ಬಿಡಿಸ್ರಿ, ಒಲಿ ಕಟ್ಟಿ ಮ್ಯಾಲ ಏರಿಸ್ರಿ. ಪಾಯಿಖಾನ್ಯಾಗ ಕಮೋಡ್ ಇಲ್ಲಾ ನಡುವ ತೂತಿನ ಕುರ್ಚಿ ಇಡ್ರಿ. ತೂಕ ಒಂದು ಕಿಲೋ ಇಳದ್ರ ಒಂದೊಂದು ಹೆಜ್ಜಿಗೆ ಮಣಕಾಲ ಮ್ಯಾಲಿನ ಭಾರ ನಾಕು ಕಿಲೋದಷ್ಟು ಇಳಿತೈತಿ ಅಂತ ಅಳದು ನೋಡ್ಯಾರ. ಸಂತ್ಯಾಗ ಮಾರೋ ಸಂಧಿ ನೋವಿನ ಪುಡಿ ಮಾತ್ರ ತರಬ್ಯಾಡ್ರಿ, ಅಂಥ ಪುಡಿಯಾಗ ಸ್ಟಿರಾಯ್ಡ್ ಬೆರಸಿದ್ದು ಸಿಕ್ಕಿರತೈತಿ.

ಎಲ್ಲಿ ಹೋಗೋದು ಅಂದ್ರ, ವಿಜಯಪುರದಾಗ ಬಿಎಲ್‌ಡಿಇ ದವಾಖಾನಿ, ಬಾಗಲಕೋಟಿಯಾಗ ಕುಮಾರೇಶ್ವರ, ಬೆಳಗಾವಿಯಾಗ ಕೆಎಲ್‌ಇ, ಅಲ್ಲೆ ಕೆಎಲ್‌ಇದವ್ರ ಫಿಜಿಯೋಥೆರಪಿ ಕಾಲೇಜೂ ಐತಿ. ಇಂಥ ಬೋಧನಾ ಆಸ್ಪತ್ರ್ಯಾಗ ಮದಲ ಎಲುಬಿನ ವಿಭಾಗದಾಗ ತೋರಿಸ್ರಿ, ಆಮ್ಯಾಲ ನಿಮ್ಮ ಕ್ಲಿನಿಕ್‌ಗೆ ಬೇಕಾದ್ರ ಹೋಗ್ರಿ. ಹತ್ತು ಸಲದ ರೊಕ್ಕ ಒಮ್ಮೆ ಕಟ್ಟಬ್ಯಾಡ್ರಿ, ಸಲಕ್ಕಿಷ್ಟು ಅಂತ ಮಾತಾಡ್ರಿ. ಶುರು ಮಾಡೂದಕ್ಕಿಂತ ಮದಲ ಅವ್ವಾರು ಎಷ್ಟು ಹೆಜ್ಜಿ ನೋವಿಲ್ಲದ ನಡೀತಾರ, ಕುರ್ಚಿಯಿಂದ ಹೆಂಗ ಏಳತಾರ ಅಂತ ಬರದಿಡ್ರಿ. ಆರು ಸಲ ಆದ ಮ್ಯಾಲ ಮತ್ತ ನೋಡ್ರಿ. ಏನೂ ಫರಕ ಇಲ್ಲಂದ್ರ ಅಲ್ಲಿಗೆ ಬಿಡ್ರಿ.

ಕ್ಲಿನಿಕ್‌ನವ್ರು ಮಷೀನ್ ಹಿಂದಿನ ಲೇಬಲ್ ಫೋಟೋ ತಗೋಳಾಕ ಬಿಟ್ರ ಇಲ್ಲೆ ಹಾಕ್ರಿ. ಒಂದ ಜಾಗಕ್ಕ ಎಷ್ಟು ಸೆಕೆಂಡ್ ಹಿಡೀತಾರ ಅಂತನೂ ಬರೀರಿ, ಜೂಲ್ ಲೆಕ್ಕ ಹಾಕಿ ಹೇಳ್ತೀನಿ.